ಹೊಸ್ತಿಲಿಗೆ ಪೂಜೆ, ಮನೆಗೆ ಬೀಗ

(ಕ್ಯಾಲಿಫೋರ್ನಿಯಾದ ಕನ್ನಡ ಕೂಟವೊಂದರಲ್ಲಿ, ಹೈಸ್ಕೂಲ್ ಓದುವ ಮಕ್ಕಳ ತಂದೆತಾಯಿಯರ ಎದುರು ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕೂಟದ ಕಾರ್ಯದರ್ಶಿಗಳು ಫೋನ್ ಮಾಡಿ, "ಮಕ್ಕಳನ್ನ ಒಳ್ಳೆ ಕಾಲೇಜಿಗೆ ಸೇರಿಸೋದು ಹೇಗೆ ಅಂತ ಸ್ವಲ್ಪ ಮಾತಾಡಿ ಸರ್, ನೀವು ಪ್ರೊಫೆಸರ್ ಅಂತ ಯಾರೋ ಹೇಳಿದ್ರು" ಅಂದರು. ನಾನು 19 ವರ್ಷದಿಂದ ಕಮ್ಯುನಿಟಿ ಕಾಲೇಜಿನಲ್ಲಿ, ಅಂದರೆ ಕಡಿಮೆ ಫೀಸಿನ ಎರಡು ವರ್ಷದ ಕಾಲೇಜಿನಲ್ಲಿ, ಸ್ಟ್ಯಾಟಿಸ್ಟಿಕ್ಸ್ ಹೇಳಿಕೊಡುತ್ತಿದ್ದೇನೆ ಅಂದೆ. ಆ ಕಡೆಯಿಂದ ಸದ್ದಿಲ್ಲ. ಲೈನ್ ಕಟ್ಟಾಯಿತೇನೋ ಅಂದುಕೊಂಡೆ. ಆಮೇಲೆ, "ಪರವಾಗಿಲ್ಲ ಸರ್, ಬನ್ನಿ" ಅಂದರು. (ನಗಬೇಡಿ, ಅವರು ಇಲ್ಲೇ ಕೂತಿದ್ದಾರೆ, ತುಂಬ ಒಳ್ಳೆಯವರು.) ಆ "ಪರವಾಗಿಲ್ಲ" ಇದೆಯಲ್ಲ, ಇವತ್ತಿನ ನನ್ನ ಮಾತೆಲ್ಲ ಅದರ ಬಗ್ಗೆಯೇ.

ಮೊದಲು ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಅವನು ಏಷ್ಯಾದ ಯಾವ ದೇಶದವನು ಅಂತ ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಅರ್ಧ ಜನ "ಓ, ಅವರಾ, ಅವರು ಹಾಗೇ" ಅಂತ ನಿರಾಳವಾಗಿ ಕೂತುಬಿಡುತ್ತೀರಿ.

ಒಂದು ಮಧ್ಯಾಹ್ನ ನನ್ನ ಆಫೀಸ್ ಅವರ್‌ಗೆ ಬಂದ. ಲೆಕ್ಕ ಕೇಳಲಿಲ್ಲ. "ಪ್ರೊಫೆಸರ್, ಬರ್ಕ್ಲಿ ಯೂನಿವರ್ಸಿಟಿಯಲ್ಲಿ ಸ್ಟ್ಯಾಟಿಸ್ಟಿಕ್ಸ್ ವಿಭಾಗ ಯಾವ ಕಟ್ಟಡದಲ್ಲಿದೆ?" ಅಂದ. ನಮ್ಮಲ್ಲಿ ಎರಡು ವರ್ಷ ಮುಗಿಸಿ ಅಲ್ಲಿಗೆ ಟ್ರಾನ್ಸ್‌ಫರ್ ಆಗುವ ಯೋಚನೆಯೇನೋ ಅಂತ ನನಗೆ ಖುಷಿಯಾಯಿತು. ಅದಲ್ಲವಂತೆ. ಜೂನ್‌ನಲ್ಲಿ ಊರಿನಿಂದ ಅವನ ಅಜ್ಜಿ ಬರುವವರಿದ್ದರು. ಅವನು ಬರ್ಕ್ಲಿಯಲ್ಲಿ ಓದುತ್ತಿದ್ದಾನೆ ಅಂತ ಮನೆಯವರು ಎರಡು ವರ್ಷದಿಂದ ಊರಲ್ಲಿ ಹೇಳಿಕೊಂಡು ಬಂದಿದ್ದರು. ಅಮ್ಮನೇ ನೀಲಿ ಸ್ವೆಟ್‌ಶರ್ಟ್ ಕೊಂಡು ತಂದು, ಹಿತ್ತಲಲ್ಲಿ ನಿಲ್ಲಿಸಿ ಫೋಟೊ ತೆಗೆದು ನೆಂಟರ ಗ್ರೂಪಿಗೆ ಹಾಕಿದ್ದರು. ಆ ಫೋಟೊವನ್ನು ನನಗೂ ತೋರಿಸಿದ. ಹುಡುಗ ಕೈ ಕಟ್ಟಿಕೊಂಡು ನಿಂತಿದ್ದ. ತೋಳಿನ ಹತ್ತಿರ ದಾರದಲ್ಲಿ ಬೆಲೆಚೀಟಿ ಇನ್ನೂ ನೇತಾಡುತ್ತಿತ್ತು, ಅದನ್ನು ಮುಚ್ಚುವುದಕ್ಕೇ ಆ ಕೈಕಟ್ಟು. ಈಗ ಅಜ್ಜಿ "ನಿನ್ನ ಕಾಲೇಜು ತೋರಿಸು" ಅಂದರೆ? ಅದಕ್ಕೇ ಅವನು ಎರಡು ಶನಿವಾರ ಬಾರ್ಟ್ ರೈಲು ಹತ್ತಿ ಬರ್ಕ್ಲಿಗೆ ಹೋಗಿ, ಸೇದರ್ ಗೇಟ್ ಎಲ್ಲಿ, ಗಡಿಯಾರದ ಗೋಪುರ ಎಲ್ಲಿ, ಊಟ ಎಲ್ಲಿ ಸಿಗುತ್ತದೆ ಅಂತ ನಡೆದು ನಡೆದು ಬಾಯಿಪಾಠ ಮಾಡಿಕೊಂಡಿದ್ದ. ವಿಭಾಗದ ಕಟ್ಟಡ ಒಂದು ಬಾಕಿ ಇತ್ತು.

ನನ್ನ ಕ್ಲಾಸಿನಲ್ಲಿ ಅವನಿಗೆ ಬಿ ಗ್ರೇಡ್ ಬಂತು. ಅವನು ಆ ಗೋಪುರಕ್ಕೆ ಸುರಿದ ಎರಡು ಶನಿವಾರಗಳನ್ನು ನನ್ನ ಪಾಠಕ್ಕೆ ಕೊಟ್ಟಿದ್ದರೆ ಎ ಬರುತ್ತಿತ್ತು.

ಇದು ಒಂದು ಮನೆಯ ವಿಚಿತ್ರ ಅಂದುಕೊಳ್ಳಬೇಡಿ. 2015ರಲ್ಲಿ ದಕ್ಷಿಣ ಕೊರಿಯಾದ ಪತ್ರಿಕೆಗಳ ತುಂಬ ಅಮೆರಿಕದಲ್ಲಿ ಓದುತ್ತಿದ್ದ ಒಬ್ಬ ಕೊರಿಯನ್ ಹುಡುಗಿಯ ಸುದ್ದಿ. ಹಾರ್ವರ್ಡ್ ಮತ್ತು ಸ್ಟ್ಯಾನ್‌ಫರ್ಡ್ ಎರಡೂ ಅವಳಿಗಾಗಿ ಪೈಪೋಟಿ ನಡೆಸಿ, ಕೊನೆಗೆ ಎರಡು ವರ್ಷ ಅಲ್ಲಿ, ಎರಡು ವರ್ಷ ಇಲ್ಲಿ ಓದಲಿ ಅಂತ ವಿಶೇಷ ಏರ್ಪಾಡು ಮಾಡಿವೆ ಅಂತ. ದೇಶಕ್ಕೆ ದೇಶವೇ ಹಿಗ್ಗಿತು. ಕೆಲವೇ ದಿನಗಳಲ್ಲಿ ಎರಡೂ ವಿಶ್ವವಿದ್ಯಾಲಯಗಳು ಆ ಪತ್ರಗಳು ನಮ್ಮವಲ್ಲ ಅಂದವು. ಹುಡುಗಿಯ ತಂದೆ ಸಾರ್ವಜನಿಕವಾಗಿ ಕ್ಷಮೆ ಕೇಳಿದರು. ಮಗಳು ಒಳಗೊಳಗೆ ಎಷ್ಟು ನೋಯುತ್ತಿದ್ದಳು ಅನ್ನುವುದನ್ನು ನಾನು ಗಮನಿಸಲಿಲ್ಲ, ತಪ್ಪು ನನ್ನದು ಅನ್ನುವ ಅರ್ಥದ ಮಾತನ್ನು ಅವರು ಹೇಳಿದರು. ನನ್ನನ್ನು ಕಾಡುವುದು ಆ ಸುಳ್ಳಲ್ಲ. ಅಷ್ಟು ದೊಡ್ಡ ಸುಳ್ಳನ್ನು ಅಷ್ಟು ಸಲೀಸಾಗಿ ನಂಬುವುದಕ್ಕೆ ಅಷ್ಟೊಂದು ಜನ ಕಾದು ಕೂತಿದ್ದರಲ್ಲ, ಅದು.

ದೂರದ ಬೆಟ್ಟ ನುಣ್ಣಗೆ ಅಂತಾರೆ. ಊರಲ್ಲಿರುವವರ ಮಟ್ಟಿಗೆ ಸರಿ. ನಮ್ಮ ಕಥೆ ಬೇರೆ. ನಾವು ಬೆಟ್ಟದ ಮೇಲೆಯೇ ಮನೆ ಕಟ್ಟಿ, ಇಪ್ಪತ್ತು ವರ್ಷದಿಂದ ಅದರ ಕಲ್ಲುಮುಳ್ಳು ತುಳಿದು, ಅದಕ್ಕೆ ಪ್ರಾಪರ್ಟಿ ಟ್ಯಾಕ್ಸ್ ಬೇರೆ ಕಟ್ಟುತ್ತಿದ್ದೇವೆ. ಆದರೂ ನುಣ್ಣಗೇ ಕಾಣುತ್ತಿದೆ!

ಯಾಕೆ ಹೀಗೆ? "ಏಷ್ಯಾದವರ ಸಂಸ್ಕೃತಿಯೇ ಹಾಗೆ, ವಿದ್ಯೆಗೆ ಬೆಲೆ ಕೊಡೋರು" ಅನ್ನುವುದು ನಮಗೆ ಬಹಳ ಹಿತವಾದ ಉತ್ತರ. ನನಗೆ ಅದರಲ್ಲಿ ನಂಬಿಕೆಯಿಲ್ಲ. ಸ್ಟ್ಯಾಟಿಸ್ಟಿಕ್ಸ್ ಮೇಷ್ಟ್ರು ನಾನು, ಸ್ಯಾಂಪಲ್ ಎಲ್ಲಿಂದ ಬಂತು ಅಂತ ಮೊದಲು ಕೇಳುವವನು. 1882ರಲ್ಲಿ ಅಮೆರಿಕ ಚೀನೀ ಕೂಲಿಗಳು ಬರದಂತೆ ಕಾನೂನು ಮಾಡಿತು. 1946ರಲ್ಲಿ ಭಾರತಕ್ಕೆ ಕೊಟ್ಟ ಕೋಟಾ ವರ್ಷಕ್ಕೆ 100 ಜನ. ಬಾಗಿಲು ನಿಜವಾಗಿ ತೆರೆದದ್ದು 1965ರ ವಲಸೆ ಕಾನೂನಿನಿಂದ. ಅದು ಕುಟುಂಬದವರಿಗೆ ಆದ್ಯತೆ ಕೊಟ್ಟಿತು, ಜೊತೆಗೆ ಡಾಕ್ಟರು, ಎಂಜಿನಿಯರು, ವಿಜ್ಞಾನಿಗಳಿಗೂ ದಾರಿ ಮಾಡಿತು. ಅಂದರೆ ಒಂದು ದೊಡ್ಡ ಜರಡಿ ಹಿಡಿದು ಏಷ್ಯಾವನ್ನು ಸೋಸಿದ ಹಾಗೆ. ಜರಡಿಯಲ್ಲಿ ಉಳಿದವರು ನಾವು. ಪರೀಕ್ಷೆ ಪಾಸು ಮಾಡಿ ಮಾಡಿಯೇ ಇಲ್ಲಿಗೆ ಬಂದವರು. ಜೆನಿಫರ್ ಲೀ, ಮಿನ್ ಝೋ ಅನ್ನುವ ಇಬ್ಬರು ಸಮಾಜಶಾಸ್ತ್ರಜ್ಞೆಯರು ಲಾಸ್ ಏಂಜಲೀಸ್‌ನ ಚೀನೀ ಮತ್ತು ವಿಯೆಟ್ನಾಮೀ ಮನೆಗಳ ಮಕ್ಕಳನ್ನು ಮಾತಾಡಿಸಿ ಹೇಳಿದ್ದು ಇದನ್ನೇ: ಇಲ್ಲಿಗೆ ಬಂದ ಚೀನೀಯರಲ್ಲಿ ಅರ್ಧದಷ್ಟು ಜನ ಪದವೀಧರರು, ಚೀನಾದೊಳಗೆ ಆಗ ಪದವಿ ಇದ್ದವರು ಬೆರಳೆಣಿಕೆಯ ಶೇಕಡಾ ಮಾತ್ರ. ಭಾರತೀಯ ಮೂಲದ ವಯಸ್ಕರಲ್ಲಂತೂ ಸುಮಾರು ಮುಕ್ಕಾಲು ಪಾಲು ಪದವೀಧರರು. ಅದೇ ಏಷ್ಯಾದಿಂದ ನಿರಾಶ್ರಿತರಾಗಿ ಬಂದ ಭೂತಾನಿನವರು, ಕಾಂಬೋಡಿಯಾದವರು, ಲಾವೋಸಿನ ಹ್ಮಾಂಗ್ ಜನರನ್ನು ನೋಡಿ. ಅಲ್ಲಿ ಪದವೀಧರರ ಪ್ರಮಾಣ ಅಮೆರಿಕದ ಸರಾಸರಿಗಿಂತ ಎಷ್ಟೋ ಕೆಳಗೆ. ಅವರಿಗೆ ಸಂಸ್ಕೃತಿ ಇಲ್ಲವೇ?

ಆದರೆ ಜರಡಿಯನ್ನು ಮರೆತು ಕಾಳನ್ನಷ್ಟೇ ಹೊಗಳಿದರೆ ಎಲ್ಲರಿಗೂ ಅನುಕೂಲ. 1966ರಲ್ಲಿ ವಿಲಿಯಂ ಪೀಟರ್ಸನ್ ಅನ್ನುವ ಸಮಾಜಶಾಸ್ತ್ರಜ್ಞ ನ್ಯೂಯಾರ್ಕ್ ಟೈಮ್ಸ್‌ನ ವಾರಪತ್ರಿಕೆಯಲ್ಲಿ ಜಪಾನಿ ಅಮೆರಿಕನ್ನರ ಯಶಸ್ಸಿನ ಬಗ್ಗೆ ಬರೆದರು. "ಮಾದರಿ ಅಲ್ಪಸಂಖ್ಯಾತರು" ಅನ್ನುವ ಬಿರುದು ಅಲ್ಲಿಂದ ಹರಡಿತು. ಬಿರುದು ಅಂದರೆ ಬಿಟ್ಟಿ ಬರುವುದಿಲ್ಲ ನೋಡಿ, ಅದನ್ನು ಹೊರುವುದಕ್ಕೆ ಹೆಗಲು ಬೇಕು. ನಾವು ಮಕ್ಕಳ ಹೆಗಲು ಕೊಟ್ಟೆವು.

ಇನ್ನೊಂದು ಕಾರಣವನ್ನೂ ಹೇಳಬೇಕು, ಇಲ್ಲದಿದ್ದರೆ ನಿಮ್ಮನ್ನು ಬರೀ ಬೈದ ಹಾಗಾಗುತ್ತದೆ. ಹೊರಗಿನಿಂದ ಬಂದವನಿಗೆ ಇಲ್ಲಿ ಸೋದರಮಾವನಿಲ್ಲ, ಶಿಫಾರಸಿಲ್ಲ, ಅಪ್ಪನ ಕಾಲದ ಗೆಳೆಯರಿಲ್ಲ. ಯಾರೂ ಕಿತ್ತುಕೊಳ್ಳಲಾಗದ್ದು ಒಂದೇ, ಅಂಕಪಟ್ಟಿ. ನಾನು ಎರಡು ಸೂಟ್‌ಕೇಸ್ ಹಿಡಿದು ಬಂದಿಳಿದಾಗ ನನ್ನ ಹತ್ತಿರ ಇದ್ದದ್ದೂ ಅಷ್ಟೇ. ನಮ್ಮ ಭಯಕ್ಕೆ ಬುಡವಿದೆ. ಪ್ರವೇಶದಲ್ಲಿ ಏಷ್ಯಾ ಮೂಲದ ಮಕ್ಕಳಿಗೆ ತಾರತಮ್ಯ ಆಗುತ್ತಿದೆ ಅನ್ನುವ ಹಾರ್ವರ್ಡ್ ವಿರುದ್ಧದ ಮೊಕದ್ದಮೆ ನೆನಪಿದೆಯಲ್ಲ, 2014ರಲ್ಲಿ ದಾಖಲಾಗಿ 2018ರಲ್ಲಿ ಬಾಸ್ಟನ್‌ನಲ್ಲಿ ವಿಚಾರಣೆಗೆ ಬಂದದ್ದು? ಅಲ್ಲಿ ಹೊರಬಿದ್ದ ಸಂಗತಿ ಎಂದರೆ, ಅರ್ಜಿದಾರರ ಸ್ವಭಾವಕ್ಕೆ ಕೊಡುವ ಅಂಕದಲ್ಲಿ, ಅಂದರೆ ಧೈರ್ಯ, ದಯೆ, ಜನರಿಗೆ ಇಷ್ಟವಾಗುವ ಗುಣ ಇಂಥದ್ದರಲ್ಲಿ, ಏಷ್ಯಾ ಮೂಲದ ಮಕ್ಕಳ ಸರಾಸರಿ ಕೆಳಗಿತ್ತು. ಬೇಕೆಂದೇ ತಾರತಮ್ಯ ಮಾಡಿಲ್ಲ ಅಂತ ಕೆಳ ನ್ಯಾಯಾಲಯ 2019ರಲ್ಲಿ ಹೇಳಿತು. 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಪ್ರವೇಶದಲ್ಲಿ ಜನಾಂಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಪದ್ಧತಿಯನ್ನೇ ರದ್ದು ಮಾಡಿತು. ನಮ್ಮವರು ಇದರಿಂದ ಕಲಿತ ಪಾಠ ಏನು ಗೊತ್ತೇ? ಮಕ್ಕಳ ಸ್ವಭಾವಕ್ಕೂ ಟ್ಯೂಷನ್ ಇಡಿಸಬೇಕು ಅಂತ! ಹದಿನೈದು ವರ್ಷದ ಹುಡುಗಿ ಒಂದು ಸೇವಾ ಸಂಸ್ಥೆಯ ಸಂಸ್ಥಾಪಕಿ, ಅದರ ಅಧ್ಯಕ್ಷೆ, ಅದರ ಏಕೈಕ ಸದಸ್ಯೆ. ದಯೆಗೂ ಒಂದು ವೆಬ್‌ಸೈಟು.

ಕೊರಿಯನ್ನರ ಒಂದು ಮಾತಿದೆ: ಗಿರೋಗಿ ಅಪ್ಪ. ಹೌದು, ಅವರೂ ಅಪ್ಪನನ್ನು ಅಪ್ಪ ಅಂತಲೇ ಕರೆಯುತ್ತಾರೆ. ಗಿರೋಗಿ ಅಂದರೆ ಕಾಡು ಹೆಬ್ಬಾತು. ಹೆಂಡತಿ ಮಕ್ಕಳನ್ನು ಅಮೆರಿಕಕ್ಕೋ ಕೆನಡಾಕ್ಕೋ ಓದಲು ಕಳಿಸಿ, ತಾನು ಸೋಲ್‌ನಲ್ಲಿ ಒಂಟಿಯಾಗಿ ದುಡಿದು, ವರ್ಷಕ್ಕೊಮ್ಮೆ ಹಾರಿ ಬಂದು ನೋಡಿಹೋಗುವ ತಂದೆ. ಬೇಕೆಂದಾಗ ಹಾರುವಷ್ಟು ದುಡ್ಡಿದ್ದರೆ ಅವನು ಹದ್ದಿನ ಅಪ್ಪ. ವಿಮಾನದ ಟಿಕೆಟ್ಟಿಗೂ ಗತಿಯಿಲ್ಲದಿದ್ದರೆ ಪೆಂಗ್ವಿನ್ ಅಪ್ಪ, ರೆಕ್ಕೆ ಇದ್ದೂ ಹಾರಲಾರ. ತೈವಾನಿನಲ್ಲಿ 1980ರ ದಶಕದಲ್ಲಿ ಇದಕ್ಕೂ ಒಂದು ಹೆಜ್ಜೆ ಮುಂದೆ ಹೋಗಿ, ಮಕ್ಕಳನ್ನಷ್ಟೇ ಕ್ಯಾಲಿಫೋರ್ನಿಯಾಕ್ಕೆ ಕಳಿಸಿಬಿಡುತ್ತಿದ್ದರು. ಅವರಿಗೆ ಪ್ಯಾರಾಚೂಟ್ ಮಕ್ಕಳು ಅಂತ ಹೆಸರು. ದೊಡ್ಡ ಮನೆ, ತುಂಬಿದ ಫ್ರಿಡ್ಜು, ದೊಡ್ಡವರು ಯಾರೂ ಇಲ್ಲ.

ಇಷ್ಟೆಲ್ಲ ತ್ಯಾಗ ಯಾವುದಕ್ಕೆ? ನನ್ನ ತಕರಾರು ಇಲ್ಲಿಂದ ಶುರು. ಅಮೆರಿಕದ ಶಿಕ್ಷಣದಲ್ಲಿ ಜಗತ್ತು ಮೆಚ್ಚುವಂಥದ್ದು ಏನಾದರೂ ಇದ್ದರೆ, ಅದು ಹದಿನೆಂಟು ವರ್ಷದ ಹುಡುಗನಿಗೆ "ನನಗೇನು ಬೇಕು ಅಂತ ಇನ್ನೂ ಗೊತ್ತಿಲ್ಲ" ಅನ್ನಲು ಕೊಡುವ ಅವಕಾಶ. ಹೆಚ್ಚಿನ ಕಡೆ ಎರಡನೆಯ ವರ್ಷದ ಕೊನೆಯವರೆಗೂ ಮೇಜರ್, ಅಂದರೆ ಮುಖ್ಯ ವಿಷಯ, ಆರಿಸಿಕೊಳ್ಳಬೇಕಾಗಿಲ್ಲ. ಫಿಸಿಕ್ಸ್ ಓದಲು ಬಂದವಳು ಇತಿಹಾಸಕ್ಕೆ ಹೋಗಬಹುದು, ಹೋಗಿ ವಾಪಸ್ಸೂ ಬರಬಹುದು. ಮೇಷ್ಟ್ರ ಮುಂದೆ "ನೀವು ಹೇಳಿದ್ದು ನನಗೆ ಒಪ್ಪಿಗೆಯಿಲ್ಲ" ಅಂದರೆ ಮೇಷ್ಟ್ರು ಕುರ್ಚಿ ಎಳೆದು ಕೂರಿಸುತ್ತಾರೆ. ನಾವು ಮಗುವನ್ನು ಆ ಮನೆಯ ಬಾಗಿಲವರೆಗೆ ಕರೆದುಕೊಂಡು ಹೋಗುತ್ತೇವೆ. ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಫೋಟೊ ತೆಗೆದು ಗ್ರೂಪಿಗೆ ಹಾಕುತ್ತೇವೆ. ಆಮೇಲೆ ಮಗುವಿನ ಕಿವಿಯಲ್ಲಿ ಹೇಳುತ್ತೇವೆ: ಒಳಗೆ ಕಂಪ್ಯೂಟರ್ ಸೈನ್ಸ್ ಕೋಣೆ ಒಂದು ಬಿಟ್ಟು ಬೇರೆ ಯಾವುದಕ್ಕೂ ಕಾಲಿಡಬೇಡ.

ಆ ಹೊಸ್ತಿಲು ತಾನೆ ಏನು? "ಐವಿ ಲೀಗ್" ಅನ್ನುವುದು 1954ರಲ್ಲಿ ಎಂಟು ಕಾಲೇಜುಗಳು ಕ್ರೀಡೆಗಾಗಿ ಮಾಡಿಕೊಂಡ ಒಪ್ಪಂದ. ಯಾರು ಯಾರ ಜೊತೆ ಫುಟ್‌ಬಾಲ್ ಆಡಬೇಕು ಅನ್ನುವ ಪಟ್ಟಿ. ನಮ್ಮಲ್ಲಿ ಅದು ಅಷ್ಟದಿಕ್ಪಾಲಕರ ಹಾಗೆ ಆಗಿದೆ. ಎಂಐಟಿ, ಸ್ಟ್ಯಾನ್‌ಫರ್ಡ್ ಆ ಎಂಟರಲ್ಲಿ ಇಲ್ಲ ಅಂದರೆ ಈಗಲೂ ನಂಬದವರಿದ್ದಾರೆ. ಹಾರ್ವರ್ಡ್ ಈಚಿನ ವರ್ಷಗಳಲ್ಲಿ ನೂರು ಅರ್ಜಿಗೆ ಸುಮಾರು ನಾಲ್ಕನ್ನಷ್ಟೇ ಒಪ್ಪುತ್ತಿದೆ. ಪದವಿ ಕೊಡುವ ಸುಮಾರು ನಾಲ್ಕು ಸಾವಿರ ಸಂಸ್ಥೆಗಳಿರುವ ದೇಶದಲ್ಲಿ ನಾವು ಹೆಸರು ಹೇಳಬಲ್ಲದ್ದು ಹದಿನೈದು.

ಬಾಗಿಲಿಗೆ ಇಷ್ಟು ಬೆಲೆ ಬಂದ ಮೇಲೆ ಅದನ್ನು ಮಾರುವವರೂ ಹುಟ್ಟಿಕೊಳ್ಳುತ್ತಾರೆ. 2019ರಲ್ಲಿ ಸಿಕ್ಕಿಬಿದ್ದ ರಿಕ್ ಸಿಂಗರ್ ಎಂಬ ದಲ್ಲಾಳಿಗೆ ಚೀನಾದ ಒಂದು ಕುಟುಂಬ ಮಗಳ ಸ್ಟ್ಯಾನ್‌ಫರ್ಡ್ ಸೀಟಿಗಾಗಿ 65 ಲಕ್ಷ ಡಾಲರ್ ಕೊಟ್ಟಿತ್ತು. ಅರ್ಜಿಯ ಪ್ರಕಾರ ಅವಳು ಹಾಯಿದೋಣಿ ಸ್ಪರ್ಧಿ. ತಾಯಿ ವಕೀಲರ ಮೂಲಕ ಹೇಳಿದ್ದು, ಅದು ಕಾಲೇಜಿಗೆ ಕೊಟ್ಟ ದೇಣಿಗೆ ಅಂದುಕೊಂಡಿದ್ದೆ ಅಂತ. ಇದು ಹಣವಂತರ ಕಥೆ. ಹಣವಿಲ್ಲದವರದು ಇನ್ನೂ ಕೆಟ್ಟದು. 2011ರ ಜನವರಿಯಲ್ಲಿ, ಇಲ್ಲೇ ಪ್ಲೆಸೆಂಟನ್‌ನಲ್ಲಿ, ಟ್ರೈ ವ್ಯಾಲಿ ಯೂನಿವರ್ಸಿಟಿ ಅನ್ನುವ ನಕಲಿ ಸಂಸ್ಥೆಯ ಮೇಲೆ ದಾಳಿ ಆಯಿತು. ಓದುತ್ತಿದ್ದ ಸಾವಿರಕ್ಕೂ ಮೇಲ್ಪಟ್ಟ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಭಾರತದವರು, ಅದರಲ್ಲೂ ಆಂಧ್ರದವರು. ಎಲ್ಲಿ ಓಡಾಡುತ್ತಾರೆ ಅಂತ ಕಣ್ಣಿಡಲು ಕೆಲವರ ಕಾಲಿಗೆ ರೇಡಿಯೊ ಪಟ್ಟಿ ಕಟ್ಟಿದರು. ಅವರಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು, ಎಷ್ಟು ಜನ ಮೋಸಹೋದರು ಅನ್ನುವ ವಾದ ಇದ್ದೇ ಇದೆ. ಆದರೆ ಹೆಸರಿನ ಮುಂದೆ "ಅಮೆರಿಕ" ಇದ್ದರೆ ಸಾಕು, ಒಳಗೆ ಕ್ಲಾಸ್‌ರೂಮ್ ಇದೆಯೇ ಅಂತ ನೋಡಬೇಕಿಲ್ಲ ಅನ್ನುವ ಮನಸ್ಸು ಊರಲ್ಲಿ ಇರದಿದ್ದರೆ ಆ ಅಂಗಡಿ ನಡೆಯುತ್ತಿರಲಿಲ್ಲ.

ಮುಂದಿನ ಸಾಲಿನಲ್ಲಿ ಊರಿನಿಂದ ಬಂದ ಹಿರಿಯರು ಕೂತಿದ್ದೀರಿ. ನಿಮಗಾಗಿ ಎರಡು ಲೆಕ್ಕ. 2023-24ರಲ್ಲಿ ಅಮೆರಿಕದಲ್ಲಿದ್ದ ಹನ್ನೊಂದು ಲಕ್ಷಕ್ಕೂ ಹೆಚ್ಚಿನ ವಿದೇಶಿ ವಿದ್ಯಾರ್ಥಿಗಳಲ್ಲಿ ಭಾರತದವರು 3,31,602. ಚೀನಾವನ್ನು ಹಿಂದೆ ಹಾಕಿದ್ದೇವೆ. ಅವರಲ್ಲಿ ಹೆಚ್ಚಿನವರು ಮಾಸ್ಟರ್ಸ್‌ಗೆ ಬಂದವರು, ಸಾಲ ಮಾಡಿ ಬಂದವರೇ ಬಹಳ. ಓದು ಮುಗಿದ ಮೇಲೆ ಒಂದು ವರ್ಷ, ವಿಜ್ಞಾನ ತಂತ್ರಜ್ಞಾನದವರಿಗೆ ಒಟ್ಟು ಮೂರು ವರ್ಷ ಕೆಲಸ ಮಾಡಬಹುದು. ಆಮೇಲೆ ಎಚ್1ಬಿ ಅನ್ನುವ ಕೆಲಸದ ವೀಸಾದ ಲಾಟರಿ. ವರ್ಷಕ್ಕೆ 65,000, ಇಲ್ಲಿ ಮಾಸ್ಟರ್ಸ್ ಮಾಡಿದವರಿಗೆ ಇನ್ನೊಂದು 20,000. ಮೊಮ್ಮಗ ಹಿಂದಿರುಗಿದರೆ "ಏನೋ ಎಡವಟ್ಟು ಮಾಡಿಕೊಂಡ" ಅನ್ನಬೇಡಿ. ಚೀಟಿ ಬೀಳಲಿಲ್ಲ, ಅಷ್ಟೇ.

ಈಗ ನನ್ನ "ಪರವಾಗಿಲ್ಲ" ಕಾಲೇಜಿಗೆ ಬರೋಣ. ಕ್ಯಾಲಿಫೋರ್ನಿಯಾದಲ್ಲಿ 116 ಕಮ್ಯುನಿಟಿ ಕಾಲೇಜುಗಳಿವೆ. ಕೋರ್ಸುಗಳನ್ನು ಅಳೆಯುವುದು ಯೂನಿಟ್ಟಿನಲ್ಲಿ, ರಾಜ್ಯದ ನಿವಾಸಿಗೆ ಒಂದು ಯೂನಿಟ್ಟಿಗೆ 46 ಡಾಲರ್. ಎರಡು ವರ್ಷದ 60 ಯೂನಿಟ್ಟಿಗೆ 2,760. ಹಾರ್ವರ್ಡಿನಲ್ಲಿ ಊಟ, ವಸತಿ ಸೇರಿ ಒಂದು ವರ್ಷದ ಪಟ್ಟಿ ಬೆಲೆ 80,000 ಡಾಲರ್ ದಾಟುತ್ತದೆ. (ಬಡ, ಮಧ್ಯಮ ವರ್ಗದವರಿಗೆ ಅವರು ಅದನ್ನು ಬಹಳಷ್ಟು ಇಳಿಸುತ್ತಾರೆ, ಅದನ್ನೂ ಹೇಳಬೇಕು.) ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಆರು ಕ್ಯಾಂಪಸ್‌ಗಳು, ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಸ್, ನಮ್ಮಂಥ ಕಾಲೇಜಿನಲ್ಲಿ ನಿಗದಿತ ಕೋರ್ಸು ಮತ್ತು ಗ್ರೇಡು ಮುಗಿಸಿದವರಿಗೆ ಸೀಟು ಖಾತ್ರಿ ಅಂತ ಬರೆದುಕೊಡುತ್ತವೆ. ಅದೇ ಯೂನಿವರ್ಸಿಟಿಯ ಬರ್ಕ್ಲಿ, ಯುಸಿಎಲ್‌ಎ (ಲಾಸ್ ಏಂಜಲೀಸ್) ಕ್ಯಾಂಪಸ್‌ಗಳು ಖಾತ್ರಿ ಕೊಡುವುದಿಲ್ಲ, ಆದರೆ ಪ್ರತಿ ವರ್ಷ ನಮ್ಮಿಂದ ಮಕ್ಕಳನ್ನು ತೆಗೆದುಕೊಳ್ಳುತ್ತವೆ. ಕೊನೆಗೆ ಕೈಗೆ ಬರುವ ಪದವಿ ಪತ್ರ ಒಂದೇ. ನನಗೆ ಕೇಳಿದರೆ ಅಮೆರಿಕ ಶಿಕ್ಷಣದಲ್ಲಿ ಮಾಡಿದ ಅತಿ ದೊಡ್ಡ ಸಾಹಸ ಇದೇ, ಎಡವಿದವನಿಗೆ ಎರಡನೆಯ ಬಾಗಿಲು. ನನ್ನ ಕ್ಲಾಸಿನಲ್ಲಿ 18ರ ಹುಡುಗಿಯ ಪಕ್ಕ 50 ದಾಟಿದ ಟ್ರಕ್ ಡ್ರೈವರ್ ಕೂತು ಪ್ರಾಬಬಿಲಿಟಿ ಕಲಿಯುತ್ತಾನೆ. ಏಷ್ಯಾದಲ್ಲಿ ಇದು ಎಲ್ಲಿ ಸಿಗುತ್ತದೆ ಹೇಳಿ? ಚೀನಾದಲ್ಲಿ ಜೂನ್ ತಿಂಗಳ ಗಾವ್‌ಕಾವ್, ಕೊರಿಯಾದಲ್ಲಿ ನವೆಂಬರಿನ ಸುನುಂಗ್, ನಮ್ಮಲ್ಲಿ ಜೆಇಇ, ಎಲ್ಲವೂ ಕಾಲೇಜು ಪ್ರವೇಶ ಪರೀಕ್ಷೆಗಳೇ. ಸುನುಂಗ್‌ನ ಇಂಗ್ಲಿಷ್ ಕೇಳಿಸಿಕೊಳ್ಳುವ ಪರೀಕ್ಷೆ ನಡೆಯುವಷ್ಟು ಹೊತ್ತು ದೇಶದಲ್ಲಿ ವಿಮಾನಗಳು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಆಕಾಶವೇ ಉಸಿರು ಬಿಗಿಹಿಡಿಯುವ ಆ ಒಂದು ದಿನದಿಂದ ಮಕ್ಕಳನ್ನು ಪಾರು ಮಾಡಲು ಅಲ್ಲವೇ ನಾವು ಇಲ್ಲಿಗೆ ಬಂದದ್ದು? ಬಂದು, ಅದೇ ದಿನವನ್ನು ನಾಲ್ಕು ವರ್ಷಕ್ಕೆ ಹಿಗ್ಗಿಸಿದ್ದೇವೆ.

ಮಾತು ಇಲ್ಲಿಗೆ ಬಂದಾಗ ಹಿಂದಿನ ಸಾಲಿನ ಒಬ್ಬ ತಾಯಿ ಎದ್ದು ನಿಂತು, "ಹಾಗಾದ್ರೆ ಒತ್ತಡ ಹಾಕಲೇಬಾರದಾ ಸರ್? ನಮ್ಮಪ್ಪ ಹಾಕದೇ ಇದ್ದಿದ್ರೆ ನಾನು ಇಲ್ಲಿರ್ತಿರಲಿಲ್ಲ" ಅಂದರು. ನೇರವಾದ ಪ್ರಶ್ನೆ. ನಾನು ಹೇಳಿದ್ದು ಇಷ್ಟು: ಕೂತು ಓದು ಅನ್ನುವುದು ಒತ್ತಡವಲ್ಲಮ್ಮ, ಅದು ಸಾಕುವುದರ ಒಂದು ಭಾಗ. ನನ್ನ ಮಗಳಿಗೆ ನಾನೂ ಹೇಳಿದ್ದೇನೆ, ಗದರಿದ್ದೇನೆ. ಆದರೆ ಮಗು ತಾನು ಎಲ್ಲಿದ್ದೇನೆ ಅನ್ನುವ ನಿಜವನ್ನು ಅಜ್ಜಿಗೆ ಹೇಳಲಾರದೆ ಬೇರೊಂದು ಕ್ಯಾಂಪಸ್ಸಿನ ನಕ್ಷೆಯನ್ನು ಬಾಯಿಪಾಠ ಮಾಡುವ ಸ್ಥಿತಿಗೆ ಬಂದರೆ, ಅಲ್ಲಿ ಓದಿನ ಮಾತು ಮುಗಿದು ಬೇರೇನೋ ಶುರುವಾಗಿದೆ. ಅವರಿಗೆ ಪೂರ್ತಿ ಸಮಾಧಾನವಾದಂತೆ ಕಾಣಲಿಲ್ಲ. ನನಗೂ ಆಗಿಲ್ಲ. ಗದರಿಕೆ ಎಲ್ಲಿ ಮುಗಿದು ಅದು ಎಲ್ಲಿ ಶುರುವಾಗುತ್ತದೆ ಅಂತ ಗೆರೆ ಹಾಕಿ ತೋರಿಸು ಅಂದರೆ ನನ್ನ ಕೈಲಾಗುವುದಿಲ್ಲ.

ಹೊಸ್ತಿಲು ದಾಟಿ ಒಳಗೆ ಹೋದವರೂ ಇದ್ದಾರೆ. 1913ರಲ್ಲಿ ಬರೋಡದ ಮಹಾರಾಜರು ತಿಂಗಳಿಗೆ ಹನ್ನೊಂದೂವರೆ ಪೌಂಡ್ ವಿದ್ಯಾರ್ಥಿವೇತನ ಕೊಟ್ಟು ಕೊಲಂಬಿಯಾಕ್ಕೆ ಕಳಿಸಿದ ತರುಣ ಅರ್ಥಶಾಸ್ತ್ರ ಓದಲು ಹೋದವರು. ಅದರ ಜೊತೆಗೆ ಇತಿಹಾಸ, ಸಮಾಜಶಾಸ್ತ್ರ, ತತ್ತ್ವಶಾಸ್ತ್ರ, ಮಾನವಶಾಸ್ತ್ರ ಎಲ್ಲಕ್ಕೂ ಹೋಗಿ ಕೂತರು, ತತ್ತ್ವಜ್ಞಾನಿ ಜಾನ್ ಡ್ಯೂಯಿ ಅವರ ಪಾಠ ಕೇಳಿದರು. ಅಂಬೇಡ್ಕರ್ ಅವರಿಗೆ ಯಾರಾದರೂ "ಅರ್ಥಶಾಸ್ತ್ರ ಬಿಟ್ಟು ಅತ್ತಿತ್ತ ನೋಡಬೇಡ" ಅಂದಿದ್ದರೆ ಏನಾಗುತ್ತಿತ್ತು ಅಂತ ನಾನು ಆಗಾಗ ಯೋಚಿಸುತ್ತೇನೆ.

ಹಾಗೆ ಅಂದದ್ದೂ ಉಂಟು, ಅದಕ್ಕೂ ಎಷ್ಟೋ ಮೊದಲು, ಬೇರೆ ಮಕ್ಕಳಿಗೆ. ಆ ಕಥೆ ಹೇಳಿ ಮುಗಿಸುತ್ತೇನೆ. 1854ರಲ್ಲಿ ಯೇಲ್‌ನಿಂದ ಪದವಿ ಪಡೆದ ಯುಂಗ್ ವಿಂಗ್ ಅನ್ನುವ ಚೀನೀಯ, ತನ್ನ ದೇಶದ ಸರ್ಕಾರವನ್ನು ಒಪ್ಪಿಸಿ 1872ರಿಂದ 1875ರವರೆಗೆ ವರ್ಷಕ್ಕೆ 30ರಂತೆ 120 ಹುಡುಗರನ್ನು ಅಮೆರಿಕಕ್ಕೆ ಕರೆತಂದ. ಹೆಚ್ಚಿನವರು ಹನ್ನೆರಡು ಹದಿಮೂರರ ಪೋರರು. ಕನೆಕ್ಟಿಕಟ್, ಮ್ಯಾಸಚೂಸೆಟ್ಸ್‌ನ ಮನೆಗಳಲ್ಲಿ ಇಬ್ಬಿಬ್ಬರಂತೆ ಇದ್ದು ಓದಿದರು. ಯೋಜನೆ 15 ವರ್ಷದ್ದು. ಸರ್ಕಾರಕ್ಕೆ ಬೇಕಾದದ್ದು ಹಡಗು, ರೈಲು, ತೋಪು ಇವುಗಳ ವಿದ್ಯೆ. ಹುಡುಗರು ಅದರ ಜೊತೆಗೆ ಬೇಸ್‌ಬಾಲ್ ಕಲಿತರು, ಚರ್ಚಿಗೆ ಹೋದರು, ಕೆಲವರು ರಾಜನಿಷ್ಠೆಯ ಗುರುತಾಗಿ ಬಿಡಬೇಕಿದ್ದ ಜಡೆಯನ್ನೇ ಕತ್ತರಿಸಿಕೊಂಡರು. ಇವರು ಕೆಟ್ಟುಹೋಗುತ್ತಿದ್ದಾರೆ ಅಂತ ಮೇಲ್ವಿಚಾರಕರ ವರದಿ ಬೀಜಿಂಗ್ ಮುಟ್ಟಿತು. ಅಮೆರಿಕದವರೂ ತಮ್ಮ ಸೈನಿಕ ಅಕಾಡೆಮಿಗಳಿಗೆ ಇವರನ್ನು ಸೇರಿಸಿಕೊಳ್ಳಲಿಲ್ಲ. ಮಾರ್ಕ್ ಟ್ವೇನ್ ಹೋಗಿ ಮಾಜಿ ಅಧ್ಯಕ್ಷ ಗ್ರಾಂಟ್ ಕೈಯಲ್ಲಿ ಶಿಫಾರಸು ಪತ್ರ ಬರೆಸಿದರೂ ಉಳಿಯಲಿಲ್ಲ. 1881ರಲ್ಲಿ ಎಲ್ಲರೂ ವಾಪಸ್ ಬರಬೇಕು ಅಂತ ಆಜ್ಞೆಯಾಯಿತು. ಕಾಲೇಜು ಪದವಿ ಮುಗಿಸಿದ್ದವರು ಆಗ ಇಬ್ಬರೇ. ಅವರಲ್ಲೊಬ್ಬರಾದ ಝಾನ್ ಟಿಯಾನ್‌ಯೂ ಮುಂದೆ, 1909ರಲ್ಲಿ, ಬೀಜಿಂಗ್‌ನಿಂದ ಝಾಂಗ್‌ಜಿಯಾಕೋಗೆ ರೈಲು ಹಾಕಿ ಮುಗಿಸಿದರು. ವಿದೇಶಿ ಎಂಜಿನಿಯರುಗಳ ನೆರವಿಲ್ಲದೆ ಚೀನೀಯರೇ ಕಟ್ಟಿದ ಮೊದಲ ದೊಡ್ಡ ಮಾರ್ಗ ಅದು.

ಆದರೆ ನನಗೆ ಇಷ್ಟವಾದದ್ದು ಆ ರೈಲಿನ ಕಥೆಯಲ್ಲ. ಹಿಂದಿರುಗುವ ದಾರಿಯಲ್ಲಿ ಈ ಹುಡುಗರು ನಮ್ಮ ಈ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ದಡದಲ್ಲೇ ಹಡಗಿಗಾಗಿ ಕಾಯುತ್ತಿದ್ದರು. ಓಕ್‌ಲ್ಯಾಂಡಿನ ಒಂದು ತಂಡ ಬಂದು, ಬೇಸ್‌ಬಾಲ್ ಆಡ್ತೀರಾ ಅಂತ ಸವಾಲು ಹಾಕಿತು. ಚೀನೀ ಹುಡುಗರು ಬೇಸ್‌ಬಾಲ್ ಆಡುವುದನ್ನು ಆ ಊರಿನವರು ಕಂಡಿರಲಿಲ್ಲ, ಸುಲಭದ ತುತ್ತು ಅಂದುಕೊಂಡಿದ್ದರು. ಎಷ್ಟೋ ವರ್ಷಗಳ ನಂತರ ಆ ಹುಡುಗರಲ್ಲೊಬ್ಬರು ಮುದುಕರಾಗಿ ಇದನ್ನು ನೆನೆಸಿಕೊಂಡು ಹೇಳಿದ್ದಾರೆ. ಚೀನೀ ಹುಡುಗ ಚೆಂಡನ್ನು ತಿರುಚಿ ಎಸೆದಾಗ ಓಕ್‌ಲ್ಯಾಂಡಿನವರು ಬ್ಯಾಟು ಬೀಸಿದ್ದೇ ಬಂತಂತೆ. ಹುಡುಗರು ಗೆದ್ದರು. ಗೆದ್ದು, ಬಟ್ಟೆಯ ಮಣ್ಣು ಕೊಡವಿಕೊಂಡು, ಹಡಗು ಹತ್ತಿದರು.